ಹಳೇ ಎಂ3 ತಗೋಬೇಕಾ, ಇಲ್ಲ ಜಿಟಿಐ, ಜಿಟಿ86ರಲ್ಲೇ ಸಮಾಧಾನ ಪಡಬೇಕಾ?

ಹಿಂಬದಿಚಕ್ರ
ಎಲ್ಲರಿಗೂ ನಮಸ್ಕಾರ. ಕಾರು ಬದಲಿಸಬೇಕು ಅಂತಿದ್ದೇನೆ. ಹೊಸ ಸಾಧಾರಣ ಫ್ಯಾಮಿಲಿ ಕಾರಿಗೆ ಹಾಕುವ ದುಡ್ಡಲ್ಲೇ ಸೆಕೆಂಡ್ ಹ್ಯಾಂಡ್‌ನಲ್ಲಿ ಏನೇನೋ ಸಿಗುತ್ತಿವೆ, ನೋಡಿ ನೋಡಿ ತಲೆ ಕೆಟ್ಟಿದೆ. ಸದ್ಯಕ್ಕೆ ಮೂರು ಕಣ್ಣಿಗೆ ಬಿದ್ದಿವೆ. ಒಂದು ಬಿಎಂಡಬ್ಲ್ಯು ಇ92 ಎಂ3, 4 ಲೀಟರ್ ವಿ8, 414 ಬಿಎಚ್‌ಪಿ, 8400 ಆರ್‌ಪಿಎಂವರೆಗೆ ಕೂಗುವ ಎಂಜಿನ್. ಎರಡನೆಯದು ಏಳನೇ ತಲೆಮಾರಿನ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ, ಡಿಎಸ್‌ಜಿ (ಎರಡು ಕ್ಲಚ್ಚಿನ ಆಟೋಮ್ಯಾಟಿಕ್) ಗೇರ್‌ಬಾಕ್ಸ್. ಮೂರನೆಯದು ಟೊಯೋಟಾ ಜಿಟಿ86, ಮ್ಯಾನುವಲ್. ಮೂರಕ್ಕೂ ಕೇಳುತ್ತಿರುವ ಬೆಲೆಯಲ್ಲಿ ಅಂಥ ದೊಡ್ಡ ವ್ಯತ್ಯಾಸ ಇಲ್ಲ.

ಮನಸ್ಸು ಎಂ3 ಕಡೆ ಇದೆ, ಸುಳ್ಳು ಹೇಳಲ್ಲ. ಆದರೆ ಮನೆಯಲ್ಲಿ ಇದೊಂದೇ ಕಾರು. ವರ್ಷಕ್ಕೆ ಹತ್ತು ಸಾವಿರ ಕಿಮೀ ಆಗಬಹುದು, ಅದರಲ್ಲಿ ಮುಕ್ಕಾಲು ಪಾಲು ಆಫೀಸ್ ಓಡಾಟ. ನಿಜವಾಗಿ ಸಾಕಲು ಎಷ್ಟು ಕಷ್ಟ? ಯಾವುದು ಕೈಕೊಡುತ್ತದೆ? ಅನುಭವ ಇದ್ದವರು ಹೇಳಿ.

ಮೂರನೇಗೇರು
ಎಂ3. ಜೀವನ ಒಂದೇ ಸಲ. ಮುಂದಿನ ಪ್ರಶ್ನೆ?

ಲೆಕ್ಕದಪುಸ್ತಕ
ಮೇಲಿನವರ ಮಾತು ಕೇಳಿದರೆ ಒಂದೇ ಸಲ ದಿವಾಳಿ ಆಗಬಹುದು.

ನೋಡಿ, ಇಲ್ಲಿ ಎಲ್ಲರೂ ಎಡವುವ ಜಾಗ ಒಂದೇ. ಕಾರಿನ ಬೆಲೆ ವರ್ಷ ಕಳೆದಂತೆ ಇಳಿಯುತ್ತದೆ, ಅದರ ಬಿಡಿಭಾಗದ ಬೆಲೆ ಇಳಿಯುವುದಿಲ್ಲ. ಏರುತ್ತಲೇ ಹೋಗುತ್ತದೆ. ಎಂ3 ಹೊಸದಾಗಿದ್ದಾಗ ಅದನ್ನು ಕೊಳ್ಳುವ ತಾಕತ್ತು ಇದ್ದವರಿಗೆ ಲೆಕ್ಕ ಹಾಕಿ ಡಿಸ್ಕ್, ಶಾಕ್ ಅಬ್ಸಾರ್ಬರ್, ಕ್ಲಚ್ ಇವಕ್ಕೆಲ್ಲ ಬೆಲೆ ಇಟ್ಟಿದ್ದಾರೆ. ನೀವು ಫ್ಯಾಮಿಲಿ ಕಾರಿನ ದುಡ್ಡಿಗೆ ತಗೊಂಡಿರಿ ಅಂತ ಪಾರ್ಟ್ಸ್ ಕೌಂಟರ್‌ನಲ್ಲಿ ಯಾರೂ ರಿಯಾಯಿತಿ ಕೊಡಲ್ಲ. ಆನೆ ತಗೊಂಡು ಅಂಕುಶಕ್ಕೆ ಚೌಕಾಸಿ ಮಾಡಿದ ಹಾಗಾಗುತ್ತದೆ.

ಪೆಟ್ರೋಲ್ ಲೆಕ್ಕ ಎಲ್ಲರೂ ಮಾಡುತ್ತಾರೆ. ಅದು ಕಣ್ಣಿಗೆ ಕಾಣುವ ಖರ್ಚು. ಎಂ3 ಕಂಪನಿ ಹೇಳಿದ ಲೆಕ್ಕದಲ್ಲೇ ಲೀಟರಿಗೆ 8 ಕಿಮೀ ಆಸುಪಾಸು, ಆಫೀಸ್ ಟ್ರಾಫಿಕ್‌ನಲ್ಲಿ ಅದೂ ಬರಲ್ಲ. ಆದರೆ ವರ್ಷಕ್ಕೆ ಹತ್ತು ಸಾವಿರ ಕಿಮೀಗೆ ಪೆಟ್ರೋಲ್ ನಿಮ್ಮನ್ನು ಮುಳುಗಿಸಲ್ಲ. ಒಂದೇ ತಿಂಗಳಲ್ಲಿ ಒಟ್ಟಿಗೆ ಬರುವ ನಾಲ್ಕು ಟೈರು, ನಾಲ್ಕು ಡಿಸ್ಕು, ಒಂದು ಕ್ಲಚ್ಚು ಮುಳುಗಿಸುತ್ತವೆ.

ಹತ್ತುನಂಬರ್‌ಸ್ಪ್ಯಾನರ್
ನಾನು ಗ್ಯಾರೇಜಿನವನು, ಆ ದೃಷ್ಟಿಯಿಂದಲೇ ಹೇಳುತ್ತೇನೆ.

ಇ92 ಎಂ3ಯಲ್ಲಿರುವ ಎಸ್65 ಎಂಜಿನ್‌ಗೆ ಎರಡು ಪ್ರಸಿದ್ಧ ಕಾಯಿಲೆ. ಒಂದು ಕನೆಕ್ಟಿಂಗ್ ರಾಡ್ ಬೇರಿಂಗ್, ಅಂದರೆ ಪಿಸ್ಟನ್ ರಾಡು ಕ್ರ್ಯಾಂಕ್ ಹಿಡಿಯುವ ಜಾಗದ ತೆಳು ಲೋಹದ ಶೆಲ್. ಇನ್ನೊಂದು ಥ್ರಾಟಲ್ ಆಕ್ಚುಯೇಟರ್, ಅಂದರೆ ಎಂಜಿನ್‌ಗೆ ಗಾಳಿ ಬಿಡುವ ಕವಾಟ ತೆರೆಯುವ ಮೋಟಾರ್, ಅದು ಎರಡಿವೆ. ಆಕ್ಚುಯೇಟರ್ ಹೋದರೆ ಲೈಟ್ ಹತ್ತುತ್ತದೆ, ಪವರ್ ಕಡಿಮೆ ಆಗುತ್ತದೆ, ಮನೆಗಾದರೂ ಬಂದು ಸೇರುತ್ತೀರಿ. ಬೇರಿಂಗ್ ಹಾಗಲ್ಲ. ಅದು ಹೋದರೆ ಎಂಜಿನ್ನೇ ಹೋಯಿತು. ಅದಕ್ಕೇ ಸದ್ದು ಬರುವ ಮೊದಲೇ ಬದಲಿಸುತ್ತಾರೆ. ಎಂಜಿನ್ ಇಳಿಸಬೇಕಾಗಿಲ್ಲ. ಮೇಲಿಂದ ಎಂಜಿನ್ ಹಿಡಿದಿಟ್ಟು, ಮುಂದಿನ ಸಬ್‌ಫ್ರೇಮ್ ಇಳಿಸಿ, ಆಯಿಲ್ ಪ್ಯಾನ್ ಬಿಚ್ಚಿ ಕೆಳಗಿನಿಂದಲೇ ಮಾಡಬಹುದು.

ಬಿಚ್ಚಿದ ಶೆಲ್ ಕೈಯಲ್ಲಿ ಹಿಡಿದು ನೋಡಿದರೆ ಗೊತ್ತಾಗುತ್ತದೆ. ಚೆನ್ನಾಗಿರುವುದು ಪೂರಾ ಒಂದೇ ಬೂದು ಬಣ್ಣ. ಸವೆದಿದ್ದರೆ ನಡುವೆ ಕೆಂಪಗೆ ತಾಮ್ರ ಇಣುಕುತ್ತದೆ. ಉಗುರು ಎಳೆದರೆ ಗೀರು ಸಿಗುತ್ತದೆ. ಆ ಕಾರು ಹಿಂದಿನ ದಿನದವರೆಗೂ ಓಡುತ್ತಿರುತ್ತದೆ, ಓನರ್‌ಗೆ ಏನೂ ಅನುಮಾನ ಇರುವುದಿಲ್ಲ.

ಹಾಗಾಗಿ ಎಂ3 ನೋಡಲು ಹೋದರೆ ಮೊದಲ ಪ್ರಶ್ನೆ: ಬೇರಿಂಗ್ ಬದಲಿಸಿದ್ದಾರಾ, ಬಿಲ್ ಇದೆಯಾ? ಇಲ್ಲ ಅಂದರೆ ಆ ಖರ್ಚು ನಿಮ್ಮದು ಅಂತಲೇ ಹಿಡಿದು ಬೆಲೆ ಮಾತಾಡಿ.

ಟರ್ಬೊಭಕ್ತ
ಇಷ್ಟೆಲ್ಲ ಗೋಳು ಯಾಕೆ ಸಾರ್? ಪೂರಾ ಎಂ ಕಾರಿನ ಹುಚ್ಚು ಬಿಟ್ಟು ಬಿಎಂಡಬ್ಲ್ಯುದೇ ಎಂ240ಐ ನೋಡಿ. ಬಿ58 ಎಂಜಿನ್, 3 ಲೀಟರ್, ಒಂದೇ ಟರ್ಬೊ, ಕ್ಲೋಸ್ಡ್ ಡೆಕ್ (ಸಿಲಿಂಡರ್ ಸುತ್ತ ಮೇಲ್ಭಾಗ ಮುಚ್ಚಿದ, ಗಟ್ಟಿ) ಬ್ಲಾಕ್. ಟೊಯೋಟಾದವರು ತಮ್ಮ ಹೊಸ ಸುಪ್ರಾಗೆ ಇದೇ ಎಂಜಿನ್ ಹಾಕಿಕೊಂಡರು ಅಂದ ಮೇಲೆ ಇನ್ನೇನು ಬೇಕು. ಟ್ರಾಫಿಕ್‌ನಲ್ಲಿ 8400 ಆರ್‌ಪಿಎಂ ಯಾರಿಗೆ ಬೇಕು? ಟಾರ್ಕ್ ಕೆಳಗೇ ಸಿಗುತ್ತದೆ, ಆರಾಮಾಗಿ ಓಡಿಸಬಹುದು.

ಹಿಂಬದಿಚಕ್ರ
@ಟರ್ಬೊಭಕ್ತ ಎಂ240ಐ ನನ್ನ ಬಜೆಟ್ ದಾಟುತ್ತದೆ ಗುರು. ನನ್ನ ಬಜೆಟ್‌ಗೆ ಬಿಎಂಡಬ್ಲ್ಯುದೇ ಹಳೇ 335ಐ ಸಿಗುತ್ತದೆ, ಅದು ಹೇಗೆ?

ಹತ್ತುನಂಬರ್‌ಸ್ಪ್ಯಾನರ್
335ಐಯಲ್ಲಿ ಎರಡು ಬೇರೆ ಬೇರೆ ಎಂಜಿನ್ ಬಂದಿವೆ, ಅದನ್ನು ಮೊದಲು ಕೇಳಿಕೊಳ್ಳಿ. 2006ರಲ್ಲಿ ಶುರುವಾದ ಎನ್54ಕ್ಕೆ ಎರಡು ಟರ್ಬೊ. ಅದರ ಹೈ ಪ್ರೆಶರ್ ಫ್ಯುಯೆಲ್ ಪಂಪ್‌ಗೆ 2010ರಲ್ಲಿ ಅಮೆರಿಕದಲ್ಲಿ ರೀಕಾಲ್ (ಕಂಪನಿಯೇ ಕಾರು ವಾಪಸ್ ಕರೆಸಿ ಸರಿಮಾಡುವುದು) ಆಯಿತು. ಜೊತೆಗೆ ಇಂಜೆಕ್ಟರ್, ವೇಸ್ಟ್‌ಗೇಟ್ (ಟರ್ಬೊ ಒತ್ತಡ ಹಿಡಿತದಲ್ಲಿಡುವ ಕವಾಟ) ಗಲಗಲ ಸದ್ದು, ಎಲೆಕ್ಟ್ರಿಕ್ ವಾಟರ್ ಪಂಪ್. ಆಮೇಲೆ ಬಂದ ಎನ್55 ಒಂದೇ ಟರ್ಬೊದ್ದು, ಸ್ವಲ್ಪ ನೆಮ್ಮದಿ. ಎನ್54 ಟ್ಯೂನ್ ಮಾಡುವವರಿಗೆ ಪ್ರಾಣ. ಹಾಗಂದರೆ ನಿಮಗೆ ಸಿಗುವ ಎನ್54 ಯಾರೋ ಟ್ಯೂನ್ ಮಾಡಿ ಹಿಂಡಿದ್ದೇ ಆಗಿರುವ ಸಾಧ್ಯತೆ ಜಾಸ್ತಿ.

ಆಯಿಲ್‌ಕ್ಯಾನ್
ಯಾವ ಮಾಡೆಲ್ ಅನ್ನೋದು ಮುಖ್ಯನೇ ಅಲ್ಲ ಅಂತ ನನ್ನ ಅಭಿಪ್ರಾಯ. ಸರ್ವಿಸ್ ಹಿಸ್ಟರಿ ಪಕ್ಕಾ ಇದ್ದರೆ ಯಾವ ಕಾರಾದರೂ ಓಡುತ್ತದೆ. ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸಿದ ಎಂ3, ಮೂರು ಓನರ್ ಕೈಲಿ ಸವೆದ ಜಿಟಿಐಗಿಂತ ಸಾವಿರ ಪಾಲು ಮೇಲು.

ಅಪೆಕ್ಸ್‌ಅಕ್ಕ
ಅರ್ಧ ಸರಿ, ಅರ್ಧ ತಪ್ಪು. ಪೋರ್ಷೆ 911ರ 996 ತಲೆಮಾರು ತಗೊಳ್ಳಿ. ಎಂ96 ಎಂಜಿನ್‌ನ ಇಂಟರ್ಮೀಡಿಯೆಟ್ ಶಾಫ್ಟ್ ಬೇರಿಂಗ್ ಕಥೆ ಗೊತ್ತಲ್ವಾ? ಆ ಬೇರಿಂಗ್ ಸೀಲ್ ಮಾಡಿದ್ದು, ಒಳಗಿನ ಗ್ರೀಸ್ ಹೋದ ಮೇಲೆ ಅದರ ಕಥೆ ಮುಗಿಯಿತು. ಸರ್ವಿಸ್ ಬುಕ್ ತುಂಬಾ ಸೀಲ್ ಹೊಡೆಸಿದ್ದರೂ ಅದು ಉಳಿಯಬೇಕು ಅಂತೇನಿಲ್ಲ. ವಿಚಿತ್ರ ಏನಂದರೆ, ಕಡಿಮೆ ಓಡಿಸಿ ಜೋಪಾನವಾಗಿ ಮುಚ್ಚಿಟ್ಟ ಕಾರುಗಳಲ್ಲೇ ಜಾಸ್ತಿ ಹೋಗುತ್ತದೆ ಅಂತ ಆ ಎಂಜಿನ್ ಬಿಚ್ಚುವವರು ಹೇಳುತ್ತಾರೆ. ಅದೇ ಕಾಲದ 996 ಟರ್ಬೊ, ಜಿಟಿ3ಗಳಲ್ಲಿ ಮೆಟ್ಸ್‌ಗರ್ ಎಂಜಿನ್, ಅವಕ್ಕೆ ಈ ತೊಂದರೆ ಇಲ್ಲ. 2009ರ 911ಗೆ ಬಂದ ಹೊಸ ಎಂಜಿನ್‌ನಲ್ಲಿ ಆ ಶಾಫ್ಟೇ ಇಲ್ಲ. ಒಂದೇ ಹೆಸರು, ಒಂದೇ ಆಕಾರ, ಒಳಗೆ ಮೂರು ಬೇರೆ ಬೇರೆ ಎಂಜಿನ್. ಮಾಡೆಲ್ ಮುಖ್ಯ ಅಲ್ಲ ಅಂತ ಹೇಗೆ ಹೇಳುತ್ತೀರಿ?

ಆಡಿ ಎಸ್4 ಇನ್ನೊಂದು ಉದಾಹರಣೆ. ಬಿ6, ಬಿ7 ತಲೆಮಾರಿನಲ್ಲಿ ಬಂದ 4.2 ವಿ8. ಟೈಮಿಂಗ್ ಚೈನ್ ಎಂಜಿನ್‌ನ ಹಿಂಭಾಗದಲ್ಲಿ, ಗೇರ್‌ಬಾಕ್ಸ್ ಕಡೆ ಇಟ್ಟಿದ್ದಾರೆ. ಆ ಚೈನ್ ಹಿಡಿದಿಡುವ ಗೈಡ್ ಸವೆದರೆ ಎಂಜಿನ್ ಹೊರಗೆ ತೆಗೆಯಬೇಕು. ಭಾಗದ ಬೆಲೆಗಿಂತ ಅಲ್ಲಿಗೆ ಕೈ ಹೋಗಲು ಕೊಡುವ ಕೂಲಿಯೇ ದೊಡ್ಡದು. ಇದೂ ಆಯಿಲ್ ಬದಲಿಸಿದರೆ ಸರಿಹೋಗುವ ವಿಷಯ ಅಲ್ಲ.

ಆಯಿಲ್‌ಕ್ಯಾನ್
ಅಕ್ಕಾ, ಎಲ್ಲ 996ರಲ್ಲೂ ಹೋಗಿಲ್ಲವಲ್ಲ. ಮೊದಮೊದಲಿನವು ಎರಡು ಸಾಲಿನ ಬೇರಿಂಗ್, ಆಮೇಲೆ ಒಂದು ಸಾಲಿನದ್ದು ಬಂತು, ಜಾಸ್ತಿ ದೂರು ಅದರದ್ದೇ. ಎಷ್ಟೋ ಕಾರು ಇವತ್ತಿಗೂ ಓಡುತ್ತಿವೆ. ಸುಮ್ನೆ ಹೆದರಿಸಬಾರದು.

ಅಪೆಕ್ಸ್‌ಅಕ್ಕ
ಹೆದರಿಸುತ್ತಿಲ್ಲಪ್ಪ. ಕ್ಲಚ್ ಬದಲಿಸುವಾಗ ಗೇರ್‌ಬಾಕ್ಸ್ ಹೇಗೂ ಇಳಿದಿರುತ್ತದೆ, ಆಗಲೇ ಆ ಬೇರಿಂಗೂ ಬದಲಿಸಿ ಮುಗಿಸಿ ಅಂತ ಹೇಳುತ್ತಿದ್ದೇನೆ. ಗೊತ್ತಿರುವ ಕಾಯಿಲೆಗೆ ಹೆದರಬೇಕಾಗಿಲ್ಲ, ಅದಕ್ಕೆ ದುಡ್ಡು ಎತ್ತಿಟ್ಟರೆ ಆಯಿತು.

ಕಾರಿಲ್ಲದವ
ಇದನ್ನೆಲ್ಲ ಓದಿ ಸೈಕಲ್ ತಗೊಳ್ಳೋಣ ಅನ್ನಿಸುತ್ತಿದೆ.

ರೋಟರಿಹುಚ್ಚ
ಯಾರೂ ಮಜ್ದಾ ಆರ್‌ಎಕ್ಸ್-8 ಹೆಸರೇ ಎತ್ತಲಿಲ್ಲ ನೋಡಿ. ರೋಟರಿ ಎಂಜಿನ್, ಅಂದರೆ ಪಿಸ್ಟನ್ ಬದಲು ತಿರುಗುವ ಮೂರು ಮೂಲೆಯ ರೋಟರ್. 1.3 ಲೀಟರ್, 9000 ಆರ್‌ಪಿಎಂ, ನಾಲ್ಕು ಬಾಗಿಲು, ಬೆಲೆ ನೆಲಕ್ಕೆ ಬಿದ್ದಿದೆ.

ಲೆಕ್ಕದಪುಸ್ತಕ
ಬೆಲೆ ಯಾಕೆ ನೆಲಕ್ಕೆ ಬಿತ್ತು ಅಂತಲೂ ಹೇಳಿ ಮಾರಾಯ್ರೇ.

ರೋಟರಿಹುಚ್ಚ
ಹೇಳುತ್ತೇನೆ, ಮುಚ್ಚಿಡುವುದೇನಿದೆ. ಅದು ಆಯಿಲ್ ಕುಡಿಯುತ್ತದೆ. ಕೆಟ್ಟು ಕುಡಿಯುವುದಲ್ಲ, ರೋಟರ್ ಮೂಲೆಯ ಅಪೆಕ್ಸ್ ಸೀಲ್‌ಗೆ ಜಾರು ಬೇಕು ಅಂತ ಎಂಜಿನ್ನೇ ಅಳತೆ ಮಾಡಿ ಒಳಗೆ ಸುರಿದು ಸುಡುತ್ತದೆ, ಅದರ ವಿನ್ಯಾಸವೇ ಹಾಗೆ. ಪೆಟ್ರೋಲ್ ಹಾಕಿಸುವಾಗೆಲ್ಲ ಡಿಪ್‌ಸ್ಟಿಕ್ ನೋಡುವ ಅಭ್ಯಾಸ ಬೇಕು. ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿ, ಹತ್ತಡಿ ಸರಿಸಿ, ತಕ್ಷಣ ಆಫ್ ಮಾಡಬಾರದು, ಮಾಡಿದರೆ ಪೆಟ್ರೋಲ್ ತುಂಬಿಕೊಂಡು ಮತ್ತೆ ಸ್ಟಾರ್ಟ್ ಆಗದೇ ಹೋಗಬಹುದು.

ಕೊಳ್ಳುವ ಮುಂಚೆ ಕಂಪ್ರೆಷನ್ ಟೆಸ್ಟ್ ಮಾಡಿಸಲೇಬೇಕು, ಅದೂ ರೋಟರಿಗೆ ಅಂತಲೇ ಇರುವ ಟೆಸ್ಟರ್‌ನಲ್ಲಿ. ಒಂದು ರೋಟರ್‌ಗೆ ಮೂರು ಮುಖ. ಮಾಮೂಲಿ ಗೇಜ್ ಹಾಕಿದರೆ ಮೂರರಲ್ಲಿ ಜಾಸ್ತಿ ಇರುವುದನ್ನು ಮಾತ್ರ ತೋರಿಸಿ ಸುಮ್ಮನಾಗುತ್ತದೆ. ಸತ್ತ ಮುಖ ಅದರ ಹಿಂದೆ ಅಡಗಿಕೊಳ್ಳುತ್ತದೆ. ಎಂಜಿನ್ ಬಿಸಿ ಇದ್ದಾಗ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿ ನೋಡಿ. ಎಳೆದಾಡಿದರೆ ಅಲ್ಲಿಂದಲೇ ವಾಪಸ್ ಬನ್ನಿ.

ಮೂರನೇಗೇರು
ಇವರು ಕಾರು ಮಾರುತ್ತಿದ್ದಾರಾ, ಬೇಡ ಅಂತ ಎಚ್ಚರಿಸುತ್ತಿದ್ದಾರಾ ಗೊತ್ತಾಗುತ್ತಿಲ್ಲ 😄

ರೋಟರಿಹುಚ್ಚ
ಎರಡೂ.

ನಿಧಾನವೇಪ್ರಧಾನ
ಜಿಟಿಐ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಏಳನೇ ತಲೆಮಾರಿನದ್ದು ಇಎ888 ಎಂಜಿನ್‌ನ ಮೂರನೇ ಆವೃತ್ತಿ. ಅದಕ್ಕೂ ಹಿಂದಿನ ಆವೃತ್ತಿಗಳಲ್ಲಿ ಟೈಮಿಂಗ್ ಚೈನ್ ಟೆನ್ಷನರ್ ಕೈಕೊಡುತ್ತಿತ್ತು, ಇದರಲ್ಲಿ ಆ ಭಯ ಕಡಿಮೆ. ಇದರ ಮಾಮೂಲಿ ತಕರಾರು ವಾಟರ್ ಪಂಪ್ ಮತ್ತು ಥರ್ಮೋಸ್ಟಾಟ್ ಸೇರಿದ ಹೌಸಿಂಗ್. ಪ್ಲಾಸ್ಟಿಕ್‌ನದ್ದು, ಸೋರುತ್ತದೆ. ಕೂಲಂಟ್ ಸ್ವಲ್ಪ ಸ್ವಲ್ಪವೇ ಇಳಿಯುತ್ತಾ ಹೋಗುತ್ತದೆ, ಬಾನೆಟ್ ತೆಗೆದರೆ ಒಂಥರಾ ಸಿಹಿ ವಾಸನೆ. ಡಿಎಸ್‌ಜಿ ಆರು ಗೇರಿನದ್ದಾದರೆ ಆಯಿಲ್‌ನಲ್ಲಿ ಮುಳುಗಿದ ಕ್ಲಚ್, ಅದರ ಆಯಿಲ್ ಮತ್ತು ಫಿಲ್ಟರನ್ನು 60,000 ಕಿಮೀಗೊಮ್ಮೆ ಬದಲಿಸಬೇಕು. ಬದಲಿಸಿದ ಬಿಲ್ ಕೇಳಿ. ಆಫೀಸಿಗೂ ಸೈ, ಸಾಮಾನು ತುಂಬಲೂ ಸೈ. ಮುಖ್ಯವಾಗಿ ಇದರ ಎಷ್ಟೋ ಭಾಗ ಅದೇ ಗುಂಪಿನ ಸಾಧಾರಣ ಕಾರುಗಳಲ್ಲೂ ಇವೆ, ಹಾಗಾಗಿ ಬೆಲೆ ಕೇಳಿ ಎದೆ ಒಡೆಯಲ್ಲ.

ಟರ್ಬೊಭಕ್ತ
ಇದಕ್ಕೆ ಸಂಪೂರ್ಣ ಒಪ್ಪಿಗೆ. ಮತ್ತೆ ಒಂದು ಸಾಫ್ಟ್‌ವೇರ್ ಹಾಕಿಸಿದರೆ ಆರಾಮಾಗಿ 280 ದಾಟುತ್ತದೆ.

ಲೆಕ್ಕದಪುಸ್ತಕ
ಶುರುವಾಯಿತು. ಅಣ್ಣ ಒಂದೇ ಕಾರು ಇಟ್ಟುಕೊಂಡು ಆಫೀಸಿಗೆ ಹೋಗುವುದು ಹೇಗೆ ಅಂತ ಕೇಳುತ್ತಿದ್ದಾರೆ, ನೀವು ಟ್ಯೂನ್ ಮಾಡಿಸಿ ಅಂತೀರಿ.

ಅಪೆಕ್ಸ್‌ಅಕ್ಕ
ಟ್ಯೂನ್ ವಿಷಯ ಬಂದಿದ್ದು ಒಳ್ಳೆಯದಾಯಿತು. ಟರ್ಬೊ ಕಾರು ತಗೊಳ್ಳುವಾಗ ಅದು ಹಿಂದೆ ಟ್ಯೂನ್ ಆಗಿ, ಮಾರುವ ಮುಂಚೆ ಮತ್ತೆ ಸ್ಟಾಕ್‌ಗೆ (ಕಂಪನಿ ಕೊಟ್ಟ ಸ್ಥಿತಿಗೆ) ಬಂದಿದೆಯಾ ಅಂತ ಹುಡುಕುವುದೇ ದೊಡ್ಡ ತಲೆನೋವು. ಸಾಫ್ಟ್‌ವೇರ್ ಅಳಿಸಬಹುದು, ಕುರುಹು ಉಳಿಯುತ್ತದೆ. ಏರ್ ಫಿಲ್ಟರ್ ಬಾಕ್ಸ್‌ನ ಸ್ಕ್ರೂ ತಲೆ ಸವೆದಿರುವುದು, ಎಕ್ಸಾಸ್ಟ್ ಕ್ಲಾಂಪ್ ಮಾತ್ರ ಹೊಸದಾಗಿ ಹೊಳೆಯುವುದು, ಡ್ಯಾಶ್‌ಬೋರ್ಡ್ ಬದಿಯಲ್ಲಿ ಬೂಸ್ಟ್ ಗೇಜ್ ಅಂಟಿಸಿದ್ದ ಗುರುತು. ಇವನ್ನೆಲ್ಲ ನೋಡಿ. ನಮ್ಮ ಭಾವ ನೋಡಲು ಹೋದ ಒಂದು ಟರ್ಬೊ ಹ್ಯಾಚ್‌ಬ್ಯಾಕ್ "ಪೂರಾ ಸ್ಟಾಕ್" ಅಂತ ಹೇಳಿದ್ದರು. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿದರೆ ಅಡಿಯಲ್ಲಿ ಬ್ಲೋ ಆಫ್ ವಾಲ್ವ್‌ನ (ಟ್ಯೂನ್ ಮಾಡುವವರು ಟರ್ಬೊಗೆ ಹಾಕಿಸುವ ಕವಾಟ) ಖಾಲಿ ಡಬ್ಬ!

ಹತ್ತುನಂಬರ್‌ಸ್ಪ್ಯಾನರ್
ಹ್ಹ ಹ್ಹ, ಇದು ನಾನೂ ನೋಡಿದ್ದೇನೆ.

ನೋಡಲು ಹೋಗುವವರಿಗೆ ಇನ್ನೊಂದಿಷ್ಟು. ಎಂಜಿನ್ ತಣ್ಣಗೇ ಇರಲಿ ಅಂತ ಮೊದಲೇ ಫೋನಲ್ಲಿ ಹೇಳಿ. ಹೋದ ತಕ್ಷಣ ಮಾತಿಗಿಂತ ಮೊದಲು ಬಾನೆಟ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ಕಾರಣ ಕೇಳಿ. ತಣ್ಣನೆ ಸ್ಟಾರ್ಟ್‌ನ ಮೊದಲ ಕೆಲವು ಸೆಕೆಂಡಲ್ಲಿ ಚೈನ್ ಸದ್ದು, ನೀಲಿ ಹೊಗೆ ಎಲ್ಲ ಗೊತ್ತಾಗುತ್ತದೆ, ಅದಕ್ಕೇ ಕೆಲವರು ಬಿಸಿ ಮಾಡಿ ಇಟ್ಟಿರುತ್ತಾರೆ.

ಸ್ಕ್ಯಾನರ್ ಹಾಕಿದಾಗ ಕೋಡ್ ಏನೂ ಇಲ್ಲ ಅಂದ ಮಾತ್ರಕ್ಕೆ ಖುಷಿ ಪಡಬೇಡಿ. ರೆಡಿನೆಸ್ ಮಾನಿಟರ್, ಅಂದರೆ ಕಾರು ತನ್ನನ್ನೇ ಪರೀಕ್ಷಿಸಿಕೊಂಡ ಪಟ್ಟಿ, ನೋಡಿ. ಅವು ಇನ್ನೂ ಪೂರ್ತಿ ಆಗಿಲ್ಲ ಅಂತ ಬಂದರೆ ಇತ್ತೀಚೆಗೆ ಯಾರೋ ಕೋಡ್ ಅಳಿಸಿದ್ದಾರೆ, ಇಲ್ಲವೇ ಬ್ಯಾಟರಿ ಬಿಚ್ಚಿದ್ದಾರೆ.

ಟೈರ್ ನನಗೆ ಸರ್ವಿಸ್ ಬುಕ್‌ಗಿಂತ ಜಾಸ್ತಿ ಹೇಳುತ್ತದೆ. ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ. 3519 ಅಂತಿದ್ದರೆ 2019ರ 35ನೇ ವಾರ ತಯಾರಾದದ್ದು. 400 ಬಿಎಚ್‌ಪಿ ಕಾರಿಗೆ ನಾಲ್ಕು ಬೇರೆ ಬೇರೆ ಕಂಪನಿಯ ಅಗ್ಗದ ಟೈರ್ ಹಾಕಿದ ಓನರ್ ಒಳಗಡೆ ಒಳ್ಳೇ ಆಯಿಲ್ ಹಾಕಿರುತ್ತಾರೆ ಅಂತ ನಾನು ನಂಬಲ್ಲ. ಆಲ್ ವೀಲ್ ಡ್ರೈವ್ ಆದರೆ ಇನ್ನೂ ಹುಷಾರು. ಒಂದು ಟೈರ್ ಹೊಸದು, ಮೂರು ಸವೆದದ್ದು ಅಂದರೆ ಸುತ್ತಳತೆ ಬೇರೆ ಬೇರೆ ಆಗಿ ಡಿಫರೆನ್ಷಿಯಲ್ ದಿನವಿಡೀ ದುಡಿಯುತ್ತಿರುತ್ತದೆ.

ಹಿಂಬದಿಚಕ್ರ
ಇದು ನಿಜಕ್ಕೂ ಉಪಯೋಗ ಆಗುತ್ತದೆ ಅಣ್ಣ, ಥ್ಯಾಂಕ್ಸ್. ಜಿಟಿ86 ಬಗ್ಗೆ ಏನಂತೀರಿ? ಎಲ್ಲರೂ ಪವರ್ ಇಲ್ಲ ಅಂತಾರೆ.

ಮೂರನೇಗೇರು
ಪವರ್ ಇಲ್ಲ.

ಅಪೆಕ್ಸ್‌ಅಕ್ಕ
200ರ ಆಸುಪಾಸು ಇದೆ, ತೂಕ 1,250 ಕೆಜಿ ಹತ್ತಿರ. ಇ92 ಎಂ3 ಸುಮಾರು 1,600. ಖರ್ಚಿನ ಲೆಕ್ಕದಲ್ಲಿ ತೂಕದಷ್ಟು ಮುಖ್ಯವಾದದ್ದು ಬೇರೆ ಇಲ್ಲ. ಅದನ್ನು ಯಾರೂ ನೋಡಲ್ಲ. ತೂಕ ಕಡಿಮೆ ಇದ್ದರೆ ಪ್ಯಾಡ್ ಸವೆಯುವುದು ಕಡಿಮೆ, ಡಿಸ್ಕ್ ಚಿಕ್ಕದು, ಟೈರ್ ಚಿಕ್ಕದು, ಬುಷ್‌ಗಳ ಮೇಲೆ ಭಾರ ಕಡಿಮೆ. ಜಿಟಿ86ಕ್ಕೆ ಕಂಪನಿಯಿಂದ ಬಂದ ಟೈರ್ 215 ಅಗಲದ್ದು, ಪ್ರಿಯಸ್‌ಗೂ ಹಾಕುತ್ತಿದ್ದ ಜಾತಿಯದ್ದೇ! ಎಂ3ಗೆ ಮುಂದೆ 245, ಹಿಂದೆ 265. ಅಳತೆ ಬೇರೆ ಆದ್ದರಿಂದ ಹಿಂದೆ ಮುಂದೆ ಬದಲಾಯಿಸಿ ಹಾಕಲೂ ಆಗಲ್ಲ. ಹಿಂದಿನ ಜೋಡಿ ಮೊದಲು ಮುಗಿಯುತ್ತದೆ, ಮತ್ತೆ ಮತ್ತೆ ಕೊಳ್ಳುತ್ತಿರಬೇಕು.

ಮಜ್ದಾದ ಪುಟ್ಟ ಓಪನ್ ಕಾರು ಎಂಎಕ್ಸ್-5 ಓಡಿಸುವವರು ಯಾಕೆ ಯಾವಾಗಲೂ ನಗುತ್ತಿರುತ್ತಾರೆ ಅಂದುಕೊಂಡಿರಿ?

ನಿಧಾನವೇಪ್ರಧಾನ
ಟಾಪ್ ತೆಗೆದರೆ ಗಾಳಿಗೆ ಬಾಯಿ ಮುಚ್ಚಲು ಆಗಲ್ಲ, ಅದಕ್ಕೆ.

ಟರ್ಬೊಭಕ್ತ
😂😂

ಆಯಿಲ್‌ಕ್ಯಾನ್
ಜಿಟಿ86ರಲ್ಲಿ ಇನ್ನೊಂದು ಒಳ್ಳೆಯದಿದೆ. ಬರೀ ಡೈರೆಕ್ಟ್ ಇಂಜೆಕ್ಷನ್ (ಪೆಟ್ರೋಲನ್ನು ನೇರ ಸಿಲಿಂಡರ್‌ಗೇ ಚಿಮ್ಮಿಸುವುದು) ಇರುವ ಎಂಜಿನ್‌ಗಳಲ್ಲಿ ಪೆಟ್ರೋಲ್ ಇನ್‌ಟೇಕ್ ವಾಲ್ವ್‌ಗೆ ತಾಗುವುದೇ ಇಲ್ಲ, ಹಾಗಾಗಿ ಅದರ ಬೆನ್ನ ಮೇಲೆ ಕಾರ್ಬನ್ ಕಟ್ಟುತ್ತದೆ. ಎನ್54, ಆಡಿಯ 4.2 ಎಫ್‌ಎಸ್‌ಐ ಇವೆಲ್ಲ ಅದಕ್ಕೆ ಹೆಸರಾದವು. ಅಕ್ರೋಟ್ ಚಿಪ್ಪಿನ ಪುಡಿಯನ್ನು ಗಾಳಿಯಲ್ಲಿ ಊದಿ ಕೆರೆಯುತ್ತಾರೆ. ಅದೂ ಸರ್ವಿಸ್ ಖರ್ಚಿಗೇ ಸೇರಿಸಿಕೊಳ್ಳಿ. ಜಿಟಿ86ರಲ್ಲಿ ಪೋರ್ಟ್ (ವಾಲ್ವ್‌ಗೆ ಮುಂಚೆ ಚಿಮ್ಮಿಸುವ), ಡೈರೆಕ್ಟ್ ಎರಡೂ ಇಂಜೆಕ್ಟರ್ ಇವೆ, ವಾಲ್ವ್ ತೊಳೆದುಕೊಳ್ಳುತ್ತಿರುತ್ತದೆ.

ಲೆಕ್ಕದಪುಸ್ತಕ
ಕೊನೆಗೆ ನನ್ನ ಮಾತು ಒಂದು ಕೇಳಿ. ಮೂರರಲ್ಲಿ ಯಾವುದೇ ಇರಲಿ, ಕೈಲಿರುವ ದುಡ್ಡನ್ನೆಲ್ಲ ಕಾರಿಗೇ ಸುರಿಯಬೇಡಿ. ಎಂ3 ಆದರೆ ಕಾರಿನ ಬೆಲೆಯ ಕಾಲು ಭಾಗವಾದರೂ ಪಕ್ಕಕ್ಕಿಡಿ. ಅಷ್ಟು ಉಳಿಯದಿದ್ದರೆ ಅದು ನಿಮ್ಮ ಬಜೆಟ್‌ನ ಕಾರೇ ಅಲ್ಲ. ಇನ್ನು "ಇದರ ಬೆಲೆ ಮುಂದೆ ಏರುತ್ತದೆ" ಅಂತ ಯಾರಾದರೂ ಹೇಳಿದರೆ, ಏರುವುದು ಓಡಿಸದೆ ಇಟ್ಟ ಕಾರಿಗೆ. ನೀವು ಅದರಲ್ಲಿ ಆಫೀಸಿಗೆ ಹೋಗುವವರು.

ಮೂರನೇಗೇರು
ನಾನು ತಮಾಷೆ ಬಿಟ್ಟು ಹೇಳುತ್ತೇನೆ. ಮನೆಯಲ್ಲಿ ಇನ್ನೊಂದು ಕಾರು ಇದ್ದಿದ್ದರೆ ಎಂ3 ಅಂತಲೇ ಹೇಳುತ್ತಿದ್ದೆ, ಕಣ್ಣು ಮುಚ್ಚಿಕೊಂಡು. ಇಂಥ ಕಾರು ಕೆಟ್ಟರೆ ಖರ್ಚಿಗಿಂತ ಕಾಯುವುದೇ ದೊಡ್ಡ ಕಷ್ಟ. ಭಾಗ ಬರಬೇಕು, ಗೊತ್ತಿರುವ ಮೆಕ್ಯಾನಿಕ್ ಖಾಲಿ ಇರಬೇಕು. ಅಷ್ಟು ದಿನ ಆಫೀಸಿಗೆ ಹೇಗೆ ಹೋಗುತ್ತೀರಿ?

ಟರ್ಬೊಭಕ್ತ
ಇದೇ ಮೊದಲ ಸಲ ಇವರ ಜೊತೆ ಒಪ್ಪುತ್ತಿದ್ದೇನೆ.

ಆಯಿಲ್‌ಕ್ಯಾನ್
ವಿಷಯಾಂತರಕ್ಕೆ ಕ್ಷಮೆ ಇರಲಿ, ಎಂ3ಯ ಎಸ್65ಕ್ಕೆ ಕಂಪನಿ ಹೇಳಿದ ದಪ್ಪ 10ಡಬ್ಲ್ಯು-60 ಬಿಟ್ಟು ತೆಳ್ಳಗಿನ ಆಯಿಲ್ ಹಾಕಿದರೆ ಬೇರಿಂಗ್ ಉಳಿಯುತ್ತದೆ ಅಂತಾರಲ್ಲ, ನಿಜವಾ?

ಹತ್ತುನಂಬರ್‌ಸ್ಪ್ಯಾನರ್
ಈ ಜಗಳ ಇ92 ಬಂದಾಗಿನಿಂದ ನಡೆಯುತ್ತಿದೆ. ಬೇರಿಂಗ್ ಸಂದು ತೀರಾ ಕಡಿಮೆ, ಅಷ್ಟು ದಪ್ಪ ಆಯಿಲ್ ತಣ್ಣಗಿದ್ದಾಗ ಒಳಗೆ ಸರಿಯಾಗಿ ಹೋಗಲ್ಲ ಅಂತ ಒಂದು ಗುಂಪು. ಕಂಪನಿ ಹೇಳಿದ್ದೇ ಹಾಕಿ ಅಂತ ಇನ್ನೊಂದು. ನಾನು 10ಡಬ್ಲ್ಯು-60ನೇ ಹಾಕುತ್ತೇನೆ, ಆದರೆ ಕಂಪನಿ ಹೇಳಿದ ಅಂತರಕ್ಕೆ ಕಾಯುವುದಿಲ್ಲ, ಅದರ ಅರ್ಧಕ್ಕೇ ಬದಲಿಸುತ್ತೇನೆ. ಒಂದು ಸಲಕ್ಕೆ 8.8 ಲೀಟರ್ ಬೇಕು, ಅದನ್ನೂ ಲೆಕ್ಕದಪುಸ್ತಕದವರು ಬರೆದುಕೊಳ್ಳಲಿ. ಯಾವ ಆಯಿಲ್ ಆದರೂ ಎಂಜಿನ್ ಪೂರಾ ಬಿಸಿ ಆಗುವವರೆಗೆ ಮೇಲಿನ ಆರ್‌ಪಿಎಂಗೆ ಹೋಗಬೇಡಿ. ಆರ್‌ಪಿಎಂ ಮೀಟರ್ ಸುತ್ತ ಲೈಟ್ ಹಾಕಿಟ್ಟಿರುವುದು ಅಂದಕ್ಕಲ್ಲ, ಎಲ್ಲಿವರೆಗೆ ಹೋಗಬಹುದು ಅಂತ ತೋರಿಸಲು.

ಹಿಂಬದಿಚಕ್ರ
ಎಂ3 ಒಂದನ್ನು ಇವತ್ತು ನೋಡಿ ಬಂದೆ. ಬಾನೆಟ್ ಮೇಲೆ ಕೈ ಇಟ್ಟೆ, ಬೆಚ್ಚಗಿತ್ತು. ಬೇರಿಂಗ್ ಬಗ್ಗೆ ಕೇಳಿದರೆ "ಈ ಕಾರಿಗೆ ಆ ಸಮಸ್ಯೆ ಇಲ್ಲ" ಅಂದರು. ಸದ್ದು ಮಾತ್ರ ಇನ್ನೂ ಕಿವಿಯಲ್ಲಿದೆ. ಆದರೂ ಬಿಟ್ಟು ಬಂದೆ. ಜಿಟಿಐ ಮನೆಯವರಿಗೆ ಇಷ್ಟ, ನನಗೆ ಹಿಂದಿನ ಚಕ್ರ ಓಡಬೇಕು. ಭಾನುವಾರ 2013ರ ಜಿಟಿ86 ಒಂದನ್ನು ನೋಡಲು ಹೋಗುತ್ತಿದ್ದೇನೆ. ಅದರಲ್ಲಿ ವಿಶೇಷವಾಗಿ ಏನು ನೋಡಬೇಕು?

ಮೂರನೇಗೇರು
ಹಿಂದಿನ ಚಕ್ರದ ಆಸೆ ನಿಮ್ಮ ಹೆಸರಲ್ಲೇ ಇದೆ ಬಿಡಿ.

ಹತ್ತುನಂಬರ್‌ಸ್ಪ್ಯಾನರ್
2013 ಅಂದರೆ ವಾಲ್ವ್ ಸ್ಪ್ರಿಂಗ್ ರೀಕಾಲ್ ಕೇಳಲೇಬೇಕು. 2018ರಲ್ಲಿ ಘೋಷಣೆ ಆಯಿತು, ಶುರುವಿನ ವರ್ಷಗಳ ಕಾರುಗಳಿಗೆ. ಚಾಸಿ ನಂಬರ್ ಕೊಟ್ಟರೆ ಆ ಕಾರು ಅದರಲ್ಲಿ ಸೇರಿತ್ತಾ, ಕೆಲಸ ಆಗಿದೆಯಾ ಅಂತ ಕಂಪನಿಯವರು ಹೇಳುತ್ತಾರೆ. ಆಗಿದ್ದರೆ ಯಾವಾಗ, ಅದಾದ ಮೇಲೆ ಎಷ್ಟು ಕಿಮೀ ಓಡಿದೆ ಅಂತಲೂ ಕೇಳಿ. ಅದು ಎಂಜಿನ್ ಇಳಿಸಿ ಮಾಡುವ ಕೆಲಸ. ಆಮೇಲೆ ಸೀಲೆಂಟ್ ಜಾಸ್ತಿ ಹಚ್ಚಿ, ಅದರ ಚೂರು ಆಯಿಲ್ ದಾರಿಗೆ ಅಡ್ಡ ಬಂತು ಅನ್ನುವ ದೂರುಗಳೂ ಬಂದಿದ್ದವು. ರೀಕಾಲ್ ಮುಗಿಸಿ ಹತ್ತಾರು ಸಾವಿರ ಕಿಮೀ ತೊಂದರೆ ಇಲ್ಲದೆ ಓಡಿದ್ದರೆ ಧೈರ್ಯವಾಗಿ ಮುಂದುವರಿಯಿರಿ.

ಸ್ಪಾರ್ಕ್ ಪ್ಲಗ್ ಬದಲಿಸಿದ ಬಿಲ್ ಇದೆಯಾ ನೋಡಿ. ಬಾಕ್ಸರ್ ಎಂಜಿನ್, ಅಂದರೆ ಸಿಲಿಂಡರ್‌ಗಳು ಎರಡೂ ಬದಿಗೆ ಮಲಗಿರುತ್ತವೆ, ಪ್ಲಗ್‌ಗಳು ಎರಡು ಬದಿಯಲ್ಲಿ ಚಾಸಿಗೆ ಮುಖ ಮಾಡಿ ಕೂತಿವೆ, ಕೈ ಹೋಗುವುದೇ ಕಷ್ಟ, ಹಾಗಾಗಿ ಎಷ್ಟೋ ಕಡೆ ಅದನ್ನು ಸುಮ್ನೆ ಮುಂದಕ್ಕೆ ಹಾಕಿರುತ್ತಾರೆ. ಎರಡನೇ ಗೇರಿಗೆ ತಣ್ಣಗಿದ್ದಾಗ ಸ್ವಲ್ಪ ಬಿಗಿ ಇದ್ದರೆ ಹೆದರಬೇಡಿ, ಬಿಸಿ ಆದ ಮೇಲೂ ಕರಕರ ಅಂದರೆ ಬಿಡಿ. ಡ್ರಿಫ್ಟ್ ಮಾಡಿದ ಕಾರೋ ಅಂತ ತಿಳಿಯಲು ಹಿಂದಿನ ಬಂಪರ್ ಕೆಳಗೆ, ವೀಲ್ ಆರ್ಚ್ ಒಳಗೆ ಕೈ ಹಾಕಿ ನೋಡಿ, ಕರಗಿದ ರಬ್ಬರ್ ಚೂರು ಅಂಟಿಕೊಂಡಿರುತ್ತದೆ. ಟಾರ್ಚ್ ತಗೊಂಡು ಹೋಗಿ.